ಗಣಿಯ ಸಂಗಡ ದವಾಖಾನೆಗೂ ಬೀಗವೇಕೆ?

ಸರಕಾರವು ಒಂದು ಉದ್ಯಮವನ್ನು ಮುಚ್ಚುವಾಗ ಲೆಕ್ಕ ತೋರಿಸುತ್ತದೆ. ಇಷ್ಟು ಖರ್ಚು, ಇಷ್ಟು ಹುಟ್ಟುವಳಿ, ಇಷ್ಟು ನಷ್ಟ, ಆದುದರಿಂದ ಬೀಗ. ಕೋಲಾರದ ಚಿನ್ನದ ಗಣಿಗೆ 2001ರ ಫೆಬ್ರವರಿ 28ರಂದು ಬೀಗ ಬಿದ್ದುದೂ ಹೀಗೆಯೇ. ಗಣಿಯ ಲಾಭನಷ್ಟದ ವಾದ ಇಂದು ನಮಗೆ ಬೇಡ. ಗಣಿಯ ಬೆನ್ನಿಗೇ ಚಾಂಪಿಯನ್ ರೀಫ್ಸಿನ ದವಾಖಾನೆಯನ್ನೂ ಮುಚ್ಚಿದರಲ್ಲ, ಅದು ಯಾವ ಲೆಕ್ಕದಲ್ಲಿ ಎಂಬುದಷ್ಟೇ ನಮ್ಮ ಪ್ರಶ್ನೆ.

ರಾಯಚೂರಿನ ಗಿರಣಿ ಕಾರ್ಮಿಕರಿಗೆ ದೂರದ ಕೋಲಾರದ ಗೊಡವೆ ಏಕೆಂದು ಕೆಲವರು ಕೇಳಿಯಾರು. ಆ ಮಾತಿಗೂ ಬರುತ್ತೇವೆ.

ಆ ದವಾಖಾನೆಯನ್ನು ಕಟ್ಟಿದವರು ಧರ್ಮಾತ್ಮರೇನಲ್ಲ. 1880ರ ದಶಕದಲ್ಲಿ ಅಲ್ಲಿ ಗಣಿ ತೋಡಲು ಹಿಡಿದ ಜಾನ್ ಟೇಲರ್ ಕಂಪನಿಯ ಬಿಳಿಯ ದೊರೆಗಳಿಗೆ, ಆಳು ಮಲಗಿದರೆ ಕೆಲಸ ನಿಲ್ಲುತ್ತದೆಂಬ ಅರಿವಿತ್ತು, ಅಷ್ಟೆ. ಗಣಿ ಮೂರು ಕಿಲೊಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಬಂಡೆ ಸಿಡಿದು ಕೈಕಾಲು ಕಳೆದುಕೊಂಡವರನ್ನು ಹೊತ್ತು ತರುತ್ತಿದ್ದುದು ಈ ದವಾಖಾನೆಗೆ. 1956ರಲ್ಲಿ ಮೈಸೂರು ಸರಕಾರ ಗಣಿಯನ್ನು ವಹಿಸಿಕೊಂಡಿತು. 1962ರಲ್ಲಿ ಅದು ಕೇಂದ್ರದ ಕೈಗೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರಾಯಿತು. ಅಂದರೆ ದವಾಖಾನೆಯೂ ದೊರೆಗಳ ಸ್ವತ್ತಾಗಿದ್ದುದು ಜನರ ಸ್ವತ್ತಾಯಿತು.

ಬಂಡೆ ಸಿಡಿದ ಸುದ್ದಿ ಪತ್ರಿಕೆಗೆ ಬರುತ್ತದೆ. ಧೂಳಿನ ಸುದ್ದಿ ಬರುವುದಿಲ್ಲ. ಚಿನ್ನ ಅಡಗಿರುವುದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದಾಗ ಏಳುವ ಹುಡಿ ಕಣ್ಣಿಗೆ ಕಾಣದಷ್ಟು ಸಣ್ಣದು. ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶವನ್ನು ಗಟ್ಟಿಗಟ್ಟಿಸುತ್ತದೆ. ಇದೇ ಸಿಲಿಕೋಸಿಸ್. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1934ರಲ್ಲಿ, ಇದೇ ಕೋಲಾರದ ಗಣಿಯಿಂದ. 1940ರಿಂದ 46ರವರೆಗೆ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯ ಎದೆಯಲ್ಲಿ ಇದು ಕಂಡುಬಂತು. ಇದಕ್ಕೆ ಔಷಧವಿಲ್ಲ. ಸಾಲದೆಂಬಂತೆ ಕ್ಷಯ ಬಂದು ಅಂಟಿಕೊಳ್ಳುತ್ತದೆ. ಎಲ್ಲಕ್ಕಿಂತ ಕ್ರೂರವಾದ ಸಂಗತಿಯೆಂದರೆ, ಧೂಳು ಕುಡಿದ ಎಷ್ಟೋ ವರ್ಷಗಳ ಮೇಲೆ, ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಮೇಲೂ, ರೋಗ ತಲೆಯೆತ್ತಬಹುದು, ತಲೆಯೆತ್ತಿದ್ದು ಬೆಳೆಯಲೂಬಹುದು.

ಹಾಗಾದರೆ ಗಣಿ ಮುಚ್ಚಿದ ದಿನ ಕಾರ್ಮಿಕನಿಗೆ ದವಾಖಾನೆಯ ಅಗತ್ಯ ತೀರಿತೆ, ಆರಂಭವಾಯಿತೆ? ಚಿನ್ನವನ್ನು ಸರಕಾರ ತೆಗೆದುಕೊಂಡಿತು, ಧೂಳು ಅವನ ಪಾಲಿಗೆ ಉಳಿಯಿತು. ಗಣಿ ಕಕ್ಕಿದ ಸೈನೈಡ್ ಮಣ್ಣಿನ ದಿಬ್ಬಗಳು ಊರ ನಡುವೆಯೇ ನಿಂತಿವೆ. ಗಾಳಿ ಬೀಸಿದರೆ ಅದರ ಹುಡಿ ಎಂದೂ ಗಣಿಗಿಳಿಯದ ಹೆಂಗಸರು ಮಕ್ಕಳ ಮೇಲೂ ಬೀಳುತ್ತದೆ. ರಾಬರ್ಟ್‌ಸನ್‌ಪೇಟೆಯಲ್ಲಿ ಸರಕಾರಿ ಆಸ್ಪತ್ರೆ ಇದೆಯಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದೆ. ಆದರೆ ತಲೆಮಾರುಗಟ್ಟಲೆ ಗಣಿಯವರ ಎದೆಯನ್ನೇ ನೋಡುತ್ತ ಬಂದ ದವಾಖಾನೆಯ ಅನುಭವ ಬೀಗ ಹಾಕಿದ ಮರುದಿನ ಇನ್ನೊಂದು ಕಟ್ಟಡಕ್ಕೆ ನಡೆದು ಹೋಗುವುದಿಲ್ಲ. ಕೂಲಿಯನ್ನು ನಂಬಿ ಉದ್ರಿ ಕೊಟ್ಟಿದ್ದ ಅಂಗಡಿಯವರ ಪಾಡೇನಾಗಿರಬೇಕೆಂಬುದನ್ನು ನಮ್ಮ ವ್ಯಾಪಾರಿ ಮಿತ್ರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಊರಿನ ಸಾವಿರಾರು ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವಂತಾಯಿತು.

ಇಪ್ಪತ್ತು ವರ್ಷ ಕಟ್ಟಡ ಹಾಳು ಬಿದ್ದಿತ್ತು. 2021ರ ಮೇ ತಿಂಗಳಲ್ಲಿ ಕೊರೋನಾ ಹೊಡೆತಕ್ಕೆ ಹಾಸಿಗೆಗಳು ಸಾಲದೆ ಹೋದಾಗ ಅದು ನೆನಪಾಯಿತು. ಸ್ವಯಂಸೇವಕರು ಕಸ ಬಳಿದರು, ಗೋಡೆ ತೊಳೆದರು. ಕೆಲವೇ ವಾರಗಳಲ್ಲಿ ಅಲ್ಲಿ ರೋಗಿಗಳಿಗೆ ಹಾಸಿಗೆಗಳು ಸಿದ್ಧವಾದವು. ಕೆಲವು ವಾರಗಳ ಕೆಲಸಕ್ಕೆ ಇಪ್ಪತ್ತು ವರ್ಷ ಬೇಕಾಯಿತೆ? ಪೇಟೆಯ ಸಾಹುಕಾರನಿಗೂ ತಗಲುವ ಸಾಂಕ್ರಾಮಿಕ ಬಂದಾಗ ತೆರೆಯುವ ಬಾಗಿಲು, ಗಣಿಯವನಿಗೆ ಮಾತ್ರ ತಗಲುವ ರೋಗಕ್ಕೆ ತೆರೆಯದೆ ಉಳಿದದ್ದನ್ನು ನಾವು ಗಮನಿಸಬೇಕು.

ಇನ್ನು ನಮ್ಮ ಜಿಲ್ಲೆ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ನಿಜಾಮನ ಕಾಲದಲ್ಲಿ ಗಣಿ ತೋಡಿದವರೂ ಅದೇ ಟೇಲರ್ ಮನೆತನದವರೇ. ಇಂದು ಅದು ರಾಜ್ಯ ಸರಕಾರದ ಕಂಪನಿ, ಕಲ್ಲು ಮಾತ್ರ ಅದೇ ಬೆಣಚುಕಲ್ಲು. ಯಾಪಲದಿನ್ನಿ, ಮಾನ್ವಿ, ದೇವದುರ್ಗದ ಕಡೆಯಿಂದ ಹತ್ತಿ ಜಿನ್ನಿಗೆ ಬರುವವರ ಸ್ಥಿತಿ ಇನ್ನೂ ಕಷ್ಟ. ಅವರ ಎದೆಗೂ ಧೂಳೇ ಹೋಗುತ್ತದೆ. ಆದರೆ ಹಂಗಾಮಿನ ಕಾರಖಾನೆಯೆಂದು ಹೇಳಿ 1948ರ ಇ.ಎಸ್.ಐ. ಕಾಯಿದೆ ಹತ್ತಿ ಜಿನ್ನನ್ನೂ ಶೇಂಗಾ ಸುಲಿಯುವ ಗಿರಣಿಯನ್ನೂ ಹೊರಗಿಟ್ಟಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಹಂಗಾಮಿನ ಕಾರಖಾನೆಗಳನ್ನು ಹೊರಗೇ ಇಟ್ಟಿದೆ. ಹಂಗಾಮು ಮುಗಿದರೆ ಕೆಮ್ಮೂ ಮುಗಿಯುತ್ತದೆಂದು ದಿಲ್ಲಿಯವರು ತಿಳಿದಂತಿದೆ.

ಹಟ್ಟಿಯಲ್ಲಿ ದುಡಿದವನು ಕೆಲಸ ಬಿಟ್ಟ ಮೇಲೂ ಬದುಕಿರುವತನಕ ವರುಷಕ್ಕೊಮ್ಮೆ ಅವನ ಎದೆಯ ಎಕ್ಸ್‌ರೇ ತೆಗೆಯಬೇಕು. ಅದರ ಪ್ರತಿ ಅವನ ಕೈಗೇ ಸಿಗಬೇಕು. ಅದರ ಖರ್ಚಿನ ಹಣವನ್ನು ಗಣಿಯಲ್ಲಿ ಚಿನ್ನ ಸಿಗುತ್ತಿರುವಾಗಲೇ ಬೇರೆ ತೆಗೆದಿಡಬೇಕು. ಜಿನ್ನಿನವರನ್ನು ಇ.ಎಸ್.ಐ.ಗೆ ಸೇರಿಸಬೇಕು. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವ ಯಾವ ಪಕ್ಷದವರಿಂದಲೂ, ನಮ್ಮವರನ್ನೂ ಬಿಡದೆ, ಇಷ್ಟನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿರಿ.