ಹುಣ್ಣಿಮೆಯ ಗೋಷ್ಠಿ

ವಿಜ್ಞಾನಿ ಎಂದೊಡನೆ ಪ್ರಯೋಗಶಾಲೆಯ ಏಕಾಂತದಲ್ಲಿ ತನ್ನ ಕಾರ್ಯದಲ್ಲಿ ಮಗ್ನನಾದ ಒಬ್ಬ ವ್ಯಕ್ತಿಯ ಚಿತ್ರ ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ಈ ಚಿತ್ರ ಸುಳ್ಳಲ್ಲವಾದರೂ ಅಪೂರ್ಣವಾದುದು. ಏಕಾಂತದಲ್ಲಿ ಮೊಳೆತ ವಿಚಾರಕ್ಕೆ ನಾಲ್ವರ ನಡುವಿನ ಮಾತುಕತೆ ನೀರೆರೆಯುತ್ತದೆ. ಅವರ ಆಕ್ಷೇಪಣೆ ಅದರ ಕಳೆಯನ್ನು ಕೀಳುತ್ತದೆ. ಹೀಗೆ ಬೆಳೆದ ವಿಚಾರವು ಸಮಾಜಕ್ಕೆ ಅಮೃತವಾಗಬಹುದು, ವಿಷವೂ ಆಗಬಹುದು. ಆದುದರಿಂದ ವಿಜ್ಞಾನದ ಚರ್ಚೆ ಯಾರ ನಡುವೆ, ಯಾವ ಬಗೆಯಲ್ಲಿ ನಡೆಯಬೇಕೆಂಬುದು ನಮ್ಮೆಲ್ಲರಿಗೂ ಸಂಬಂಧಿಸಿದ ಪ್ರಶ್ನೆ. ಇದನ್ನು ವಿವೇಚಿಸಲು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಒಂದು ಸಣ್ಣ ಕೂಟದ ಚರಿತ್ರೆ ನಮಗೆ ನೆರವಾಗುತ್ತದೆ.

ಬರ್ಮಿಂಗ್‌ಹ್ಯಾಮ್ ಆಗ ಲೋಹದ ಕೈಗಾರಿಕೆಗೆ ಹೆಸರಾದ ಪಟ್ಟಣ. 1765ರ ಸುಮಾರಿಗೆ ಅಲ್ಲಿಯ ಕೆಲವು ಮಿತ್ರರು ಒಬ್ಬರ ಮನೆಯಲ್ಲಿ ಕೂಡಿ, ಒಟ್ಟಿಗೆ ಉಂಡು, ವಿಜ್ಞಾನದ ವಿಷಯಗಳನ್ನು ಚರ್ಚಿಸತೊಡಗಿದರು. ರಾತ್ರಿಯ ಹೊತ್ತು ಮನೆಗೆ ಹಿಂದಿರುಗುವವರಿಗೆ ಆ ಕಾಲದಲ್ಲಿ ಬೆಳುದಿಂಗಳೇ ದಾರಿದೀಪ. ಆ ಕಾರಣ ಅವರು ಹುಣ್ಣಿಮೆಗೆ ಹತ್ತಿರದ ದಿನವನ್ನು ಆರಿಸಿಕೊಳ್ಳುತ್ತಿದ್ದರು. ಇದರಿಂದಲೇ ಕೂಟಕ್ಕೆ 'ಲೂನಾರ್ ಸೊಸೈಟಿ', ಎಂದರೆ ಚಂದ್ರಕೂಟ, ಎಂಬ ಹೆಸರು ಬಂದಿತು. ಕಾರ್ಖಾನೆಯ ಒಡೆಯ ಮ್ಯಾಥ್ಯೂ ಬೋಲ್ಟನ್, ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್, ವೈದ್ಯನೂ ಕವಿಯೂ ಆದ ಇರಾಸ್ಮಸ್ ಡಾರ್ವಿನ್, ಪಿಂಗಾಣಿ ಪಾತ್ರೆಗಳ ತಯಾರಕ ಜೊಸಾಯ ವೆಜ್‌ವುಡ್, ಆಮ್ಲಜನಕವನ್ನು ಕಂಡುಹಿಡಿದವರಲ್ಲಿ ಒಬ್ಬನಾದ ಜೋಸೆಫ್ ಪ್ರೀಸ್ಟ್‌ಲಿ ಮೊದಲಾದವರು ಅದರ ಸದಸ್ಯರು. ಇರಾಸ್ಮಸನೂ ವೆಜ್‌ವುಡ್ಡನೂ ಮುಂದೆ ಜಗದ್ವಿಖ್ಯಾತನಾದ ಚಾರ್ಲ್ಸ್ ಡಾರ್ವಿನ್ನನ ಅಜ್ಜಂದಿರು.

ಬೇರೆ ಬೇರೆ ವೃತ್ತಿಯವರು ಸರಿಸಮಾನರಾಗಿ ಕುಳಿತು ಮಾತನಾಡಿದ್ದು ಈ ಕೂಟದ ಹಿರಿಮೆ. ಪ್ರೀಸ್ಟ್‌ಲಿಯ ಪ್ರಯೋಗಗಳಿಗೆ ಬೇಕಾದ ಪಾತ್ರೆಗಳನ್ನು ವೆಜ್‌ವುಡ್ ಮಾಡಿಸಿಕೊಟ್ಟನು. ವಾಟನ ಕಲ್ಪನೆಗೆ ಬೋಲ್ಟನ್ನನ ಬಂಡವಾಳವೂ ಕುಶಲ ಕೆಲಸಗಾರರೂ ದೊರೆತರು. 1775ರಲ್ಲಿ ಆರಂಭವಾದ ಅವರ ಪಾಲುಗಾರಿಕೆಯಿಂದ ಹೊರಬಂದ ಯಂತ್ರಗಳು ಗಣಿಗಳ ನೀರನ್ನು ಎತ್ತಿದವು, ಮುಂದೆ ಗಿರಣಿಗಳನ್ನೂ ನಡೆಸಿದವು.

ಇನ್ನೊಬ್ಬ ಸದಸ್ಯನಾದ ವಿಲಿಯಂ ವಿದರಿಂಗ್ ಎಂಬ ವೈದ್ಯನ ಉದಾಹರಣೆ ಇದಕ್ಕಿಂತಲೂ ಬೋಧಪ್ರದವಾದುದು. ಮೈಯಲ್ಲಿ ನೀರು ತುಂಬಿ ಊದಿಕೊಳ್ಳುವ ರೋಗಕ್ಕೆ ಶ್ರಾಪ್‌ಷೈರ್ ಸೀಮೆಯ ವೃದ್ಧೆಯೊಬ್ಬಳು ಕೊಡುತ್ತಿದ್ದ ಗಿಡಮೂಲಿಕೆಯ ಔಷಧ 1775ರಲ್ಲಿ ಅವನ ಗಮನಕ್ಕೆ ಬಂದಿತು. ಮುದುಕಿಯ ಮದ್ದೆಂದು ಅವನು ಮೂಗು ಮುರಿಯಲಿಲ್ಲ. ಹಾಗೆಂದು ಕಣ್ಣು ಮುಚ್ಚಿ ನಂಬಲೂ ಇಲ್ಲ. ಅದರಲ್ಲಿದ್ದ ಹಲವು ಮೂಲಿಕೆಗಳಲ್ಲಿ ಫಾಕ್ಸ್‌ಗ್ಲವ್ ಎಂಬ ಗಿಡವೇ ಗುಣಕಾರಿಯೆಂದು ಗುರುತಿಸಿದನು. ಹತ್ತು ವರ್ಷ ರೋಗಿಗಳ ಮೇಲೆ ಅದರ ಪರಿಣಾಮವನ್ನು ಪರಿಶೀಲಿಸಿ, 1785ರಲ್ಲಿ ಗುಣವಾದವರ ಜೊತೆಗೆ ಗುಣವಾಗದವರ ವಿವರವನ್ನೂ ಪ್ರಕಟಿಸಿದನು. ಪ್ರಮಾಣ ಮೀರಿದರೆ ಪ್ರಾಣಾಪಾಯ ತರುವ ಈ ಜಾತಿಯ ಗಿಡದ ಔಷಧವನ್ನು ಹೃದ್ರೋಗದಲ್ಲಿ ವೈದ್ಯರು ಇಂದಿಗೂ ಬಳಸುತ್ತಾರೆ. ಕೂಟದ ಬಾಗಿಲಾಚೆಗಿನ ಒಬ್ಬ ಹೆಂಗಸಿನ ಅನುಭವವು ಶಾಸ್ತ್ರಕ್ಕೆ ದಾರಿ ತೋರಿಸಿತು. ಆದರೆ ಆ ಕೂಟದಲ್ಲಿ ಒಬ್ಬ ಮಹಿಳೆಯೂ ಸದಸ್ಯಳಾಗಿರಲಿಲ್ಲ.

ದೀಪದ ಬುಡದಲ್ಲಿ ಇನ್ನೂ ದಟ್ಟವಾದ ಕತ್ತಲೆಯಿತ್ತು. ಆಫ್ರಿಕದ ಜನರನ್ನು ಗುಲಾಮರನ್ನಾಗಿ ಮಾರುವ ಕ್ರೂರ ವ್ಯಾಪಾರವನ್ನು ವೆಜ್‌ವುಡ್ ವಿರೋಧಿಸಿದನು. ಸಂಕೋಲೆ ತೊಟ್ಟು ಮೊಣಕಾಲೂರಿದ ಗುಲಾಮನ ಮೂರ್ತಿಯುಳ್ಳ ಪದಕವನ್ನು 1787ರಲ್ಲಿ ತಯಾರಿಸಿ ಹಂಚಿದನು. ಅದೇ ಕೂಟದ ಸದಸ್ಯನೂ ವಿಜ್ಞಾನಾಸಕ್ತನೂ ಆಗಿದ್ದ ಸ್ಯಾಮ್ಯುಯೆಲ್ ಗಾಲ್ಟನ್ ಬಂದೂಕುಗಳನ್ನು ತಯಾರಿಸುತ್ತಿದ್ದನು. ಬರ್ಮಿಂಗ್‌ಹ್ಯಾಮಿನ ಬಂದೂಕುಗಳು ಆಫ್ರಿಕದ ತೀರದಲ್ಲಿ ಗುಲಾಮರಿಗೆ ವಿನಿಮಯವಾಗಿ ಸಲ್ಲುತ್ತಿದ್ದವು. ಯುದ್ಧವನ್ನು ನಿಷೇಧಿಸುವ ಕ್ವೇಕರ್ ಪಂಥಕ್ಕೆ ಸೇರಿದ ಗಾಲ್ಟನ್ನನನ್ನು ಈ ಉದ್ಯಮಕ್ಕಾಗಿ ಅವನ ಪಂಥದವರು 1795ರಲ್ಲಿ ಪ್ರಶ್ನಿಸಿದರು. ಅವನು ತನ್ನ ವೃತ್ತಿಯನ್ನು ಸಮರ್ಥಿಸಿಕೊಂಡನು. ಮರುವರ್ಷ ಅವರು ಅವನನ್ನು ತಮ್ಮ ಸಭೆಯಿಂದ ಹೊರಗಿಟ್ಟರು. ಜ್ಞಾನದ ಹಸಿವು ತಾನಾಗಿಯೇ ಅಂತಃಕರಣವನ್ನು ಎಚ್ಚರಿಸುತ್ತದೆಂದು ನಂಬುವವರು ಈ ಪ್ರಸಂಗವನ್ನು ನೆನೆಯಬೇಕು. ಒಂದು ವಸ್ತು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದರೆ ಸಾಲದು. ಅದು ಯಾರ ಬಾಳನ್ನು ಬೆಳಗುತ್ತದೆ, ಯಾರ ಬಾಳನ್ನು ಸುಡುತ್ತದೆ ಎಂದೂ ಕೇಳಬೇಕು.

ಫ್ರಾನ್ಸಿನ ಕ್ರಾಂತಿಯ ಎರಡನೆಯ ವಾರ್ಷಿಕೋತ್ಸವಕ್ಕಾಗಿ 1791ರ ಜುಲೈ 14ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಔತಣ ನಡೆಯಿತು. ಕ್ರಾಂತಿಯ ಪಕ್ಷಪಾತಿಯೂ ಅಧಿಕೃತ ಚರ್ಚಿನಿಂದ ದೂರವಾದ ಪಾದ್ರಿಯೂ ಆಗಿದ್ದ ಪ್ರೀಸ್ಟ್‌ಲಿ ಅದಕ್ಕೆ ಹೋಗಿರಲಿಲ್ಲ. ಆದರೂ ಉದ್ರಿಕ್ತ ಗುಂಪೊಂದು ಅವನ ಮನೆಯನ್ನೂ ಗ್ರಂಥಭಂಡಾರವನ್ನೂ ಪ್ರಯೋಗಶಾಲೆಯನ್ನೂ ನಾಶಮಾಡಿತು. ಅವನು ಊರು ಬಿಟ್ಟು, 1794ರಲ್ಲಿ ಅಮೆರಿಕಕ್ಕೆ ಹೊರಟುಹೋದನು. ಕೂಟವೂ ಕ್ರಮೇಣ ಕ್ಷೀಣಿಸಿತು. ಮತದ್ವೇಷವೂ ರಾಜಕೀಯ ದ್ವೇಷವೂ ಹಚ್ಚಿದ ಆ ಬೆಂಕಿಗೆ ಯಾವ ಸಮರ್ಥನೆಯೂ ಇಲ್ಲ. ಆದರೂ ಒಂದು ಮಾತನ್ನು ಹೇಳಲೇಬೇಕು: ಆಯ್ದ ಕೆಲವರ ಊಟದ ಮೇಜಿನ ಸುತ್ತ ನಡೆದ ಚರ್ಚೆ ಬೀದಿಯ ಜನರನ್ನು ಮುಟ್ಟಿರಲಿಲ್ಲ. ಪ್ರಯೋಗಶಾಲೆಯ ಬೆಲೆಯನ್ನು ಅರಿಯದವರಿಗೆ ಅದನ್ನು ಕಾಪಾಡಬೇಕೆಂದು ಹೇಗೆ ತೋರೀತು?

ಗಹನವಾದ ವಿಷಯಗಳನ್ನು ಬಲ್ಲವರೇ ಚರ್ಚಿಸಲಿ, ಸಾಮಾನ್ಯರಿಗೆ ಅದರ ಗೊಡವೆ ಏಕೆ ಎನ್ನುವವರುಂಟು. ಗಣಿತದ ಸಮೀಕರಣವನ್ನು ಬಿಡಿಸಲು ತಜ್ಞನೇ ಬೇಕು, ನಿಜ. ಆದರೆ ಕಾರ್ಖಾನೆಯ ಕಲ್ಮಷ ಹರಿಯುವ ಹೊಳೆಯ ನೀರನ್ನು ಕುಡಿಯುವವನಿಗೆ ಆ ಕಾರ್ಖಾನೆಯ ವಿಷಯದಲ್ಲಿ ಮಾತನಾಡುವ ಹಕ್ಕಿಲ್ಲವೆ? ಫಲವನ್ನು ಉಣ್ಣುವವರೂ ನೋವನ್ನು ಉಣ್ಣುವವರೂ ಚರ್ಚೆಯಲ್ಲಿ ಪಾಲುಗೊಂಡಾಗಲೇ ತಜ್ಞನ ತಿಳಿವಳಿಕೆಯೂ ಪೂರ್ಣವಾಗುತ್ತದೆ.

ನಮ್ಮ ನಾಡಿನಲ್ಲಿ ಇಂಥ ಬಾಗಿಲನ್ನು ತೆರೆದ ಪ್ರಯತ್ನಗಳು ನಡೆದಿವೆ. ಶಿಕ್ಷಣತಜ್ಞ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಸ್ಥಾಪಿಸಿದ ಬೆಂಗಳೂರು ಸೈನ್ಸ್ ಫೋರಂ, ವಿಜ್ಞಾನಿಗಳ ಉಪನ್ಯಾಸಗಳನ್ನು ಸಾರ್ವಜನಿಕರೆಲ್ಲರಿಗೂ ದೊರಕಿಸಿತು. 1976ರ ತಿದ್ದುಪಡಿಯಿಂದ ನಮ್ಮ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ವೈಜ್ಞಾನಿಕ ಮನೋಭಾವವೂ ಮಾನವೀಯತೆಯೂ ಒಂದೇ ಸಾಲಿನಲ್ಲಿವೆ. ಇವೆರಡನ್ನೂ ಅಗಲಿಸಬಾರದೆಂಬುದೇ ಚಂದ್ರಕೂಟದ ಚರಿತ್ರೆಯ ಪಾಠ. ವಿದ್ಯಾರ್ಥಿಗಳು ತಮ್ಮ ಶಾಲೆಯಲ್ಲಿ ವಿಜ್ಞಾನ ಸಂಘವನ್ನು ಕಟ್ಟಿಕೊಂಡಾಗ ಊರಿನ ರೈತನನ್ನೂ ಸೂಲಗಿತ್ತಿಯನ್ನೂ ಯಂತ್ರ ರಿಪೇರಿ ಮಾಡುವವನನ್ನೂ ಒಮ್ಮೆ ಆಹ್ವಾನಿಸಲಿ. ಅವರ ಮಾತನ್ನು ಗೌರವದಿಂದ ಕೇಳಲಿ, ಕೇಳಿದ್ದನ್ನು ಪರೀಕ್ಷಿಸಿ ನೋಡಲಿ.