ಕುಲಪತಿಯ ಕುರ್ಚಿಗಾಗಿ ಕಲಹ: ಕನ್ನಡದ ಮಕ್ಕಳ ಬಗ್ಗೆ ಸಿಂಡಿಕೇಟಿನ ಹೊಣೆಯೇನು?

ರಕ್ಷಕ–ಶಿಕ್ಷಕ ಸಂಘದ ಕಳೆದ ಸಭೆ ಮುಗಿದು ಎಲ್ಲರೂ ಏಳುವ ಹೊತ್ತಿಗೆ ತಾಯಿಯೊಬ್ಬರು ನನ್ನ ಮೇಜಿನ ಬಳಿ ನಿಂತರು. "ಮಾಷ್ಟ್ರೇ, ಪೇಪರಿನಲ್ಲಿ ದಿನಾ ಗವರ್ನರ್, ಸರಕಾರ, ವೈಸ್ ಚಾನ್ಸಲರ್ ಎಂದು ಜಗಳವೇ. ನನ್ನ ಮಗಳಿಗೆ ಮುಂದಿನ ವರ್ಷ ಪ್ಲಸ್ ಟು ಮುಗಿಯುತ್ತದೆ. ಕನ್ನಡ ತೆಗೆದುಕೊಂಡು ಡಿಗ್ರಿಗೆ ಸೇರಿದರೆ ಏನಾದರೂ ತೊಂದರೆ ಉಂಟಾ?" ಎಂದು ಕೇಳಿದರು. ಆ ಕ್ಷಣದಲ್ಲಿ ನಾನು ನೀಡಿದ ಉತ್ತರ ಅಪೂರ್ಣವಾಗಿತ್ತು. "ಹಾಗೇನೂ ಆಗಲಿಕ್ಕಿಲ್ಲ" ಎಂದುಬಿಟ್ಟೆ. ಮನೆಗೆ ಬಂದು ಯೋಚಿಸಿದಾಗ, ಆ ಪ್ರಶ್ನೆ ಇಷ್ಟು ಅಗ್ಗದ ಸಮಾಧಾನಕ್ಕೆ ತಕ್ಕುದಲ್ಲವೆನಿಸಿತು.

ಕಾಸರಗೋಡು ಮತ್ತು ಕಣ್ಣೂರು ಜಿಲ್ಲೆಗಳು ಹಾಗೂ ವಯನಾಡಿನ ಮಾನಂತವಾಡಿ ತಾಲೂಕಿನ ಉನ್ನತ ಶಿಕ್ಷಣಕ್ಕೆಂದು 1996ರ ಕಾಯಿದೆಯ ಮೂಲಕ ಕಣ್ಣೂರು ವಿಶ್ವವಿದ್ಯಾನಿಲಯ ರೂಪುಗೊಂಡಿತು. ಅದಕ್ಕೂ ಮೊದಲು ನಮ್ಮ ಕಾಲೇಜುಗಳು ಕಲ್ಲಿಕೋಟೆ ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದವು. ಕಾಸರಗೋಡು ಸರಕಾರಿ ಕಾಲೇಜಿನ ಕನ್ನಡ ವಿಭಾಗವಿರಲಿ, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜಿರಲಿ, ಅಲ್ಲಿ ಯಾವ ಪಠ್ಯ ನಡೆಯಬೇಕು, ಪರೀಕ್ಷೆ ಎಂದು ನಡೆಯಬೇಕು ಎಂಬುದೆಲ್ಲ ಈ ವಿಶ್ವವಿದ್ಯಾನಿಲಯದ ಅಂಗಸಂಸ್ಥೆಗಳಲ್ಲಿ ನಿರ್ಧಾರವಾಗುತ್ತದೆ. ಆ ಪೈಕಿ ಕಾರ್ಯನಿರ್ವಹಣೆಯ ಪರಮಾಧಿಕಾರ ಸಿಂಡಿಕೇಟಿನದು. ಕುಲಪತಿಗಳ ಹೆಸರು ನಮ್ಮಲ್ಲಿ ಹಲವರಿಗೆ ಗೊತ್ತು. ಸಿಂಡಿಕೇಟಿನ ಒಬ್ಬ ಸದಸ್ಯರ ಹೆಸರನ್ನಾದರೂ ಬಲ್ಲ ರಕ್ಷಕರು ನನಗೆ ಈವರೆಗೆ ಸಿಕ್ಕಿಲ್ಲ. ಸಿಂಡಿಕೇಟಿನವರೂ ನಮ್ಮನ್ನು ಬಲ್ಲರೆಂದು ಹೇಳಲಾರೆ.

ಈಗಿನ ಅನಿಶ್ಚಿತತೆಯ ಮೂಲವನ್ನು ಅರಿಯಲು ಕೆಲವು ವರ್ಷ ಹಿಂದಕ್ಕೆ ಹೋಗಬೇಕು. 2022ರ ಅಕ್ಟೋಬರ್ 21ರಂದು ಸರ್ವೋಚ್ಚ ನ್ಯಾಯಾಲಯವು ಕೇರಳದ ತಾಂತ್ರಿಕ ವಿಶ್ವವಿದ್ಯಾನಿಲಯದ ಕುಲಪತಿಗಳ ನೇಮಕವನ್ನು ರದ್ದುಪಡಿಸಿತು. ಶೋಧನಾ ಸಮಿತಿ ಹಲವು ಹೆಸರುಗಳ ಪಟ್ಟಿಯ ಬದಲಿಗೆ ಒಂದೇ ಹೆಸರನ್ನು ಶಿಫಾರಸು ಮಾಡಿದ್ದು ಯು.ಜಿ.ಸಿ. ನಿಯಮಕ್ಕೆ ವಿರುದ್ಧವೆಂಬುದು ಅದಕ್ಕೆ ಮುಖ್ಯ ಕಾರಣ. ಅದರ ಬೆನ್ನಿಗೇ ಕುಲಾಧಿಪತಿಗಳಾಗಿದ್ದ ರಾಜ್ಯಪಾಲ ಆರಿಫ್ ಮೊಹಮ್ಮದ್ ಖಾನ್ ಅವರು ಒಂಬತ್ತು ಕುಲಪತಿಗಳ ರಾಜೀನಾಮೆ ಕೇಳಿದರು. ಕಣ್ಣೂರಿನವರೂ ಆ ಪಟ್ಟಿಯಲ್ಲಿದ್ದರು. ಮುಂದಿನ ವರ್ಷ, 2023ರ ನವೆಂಬರ್ 30ರಂದು, ಕಣ್ಣೂರಿನ ಕುಲಪತಿ ಗೋಪಿನಾಥ್ ರವೀಂದ್ರನ್ ಅವರ ಮರುನೇಮಕವನ್ನೇ ಸರ್ವೋಚ್ಚ ನ್ಯಾಯಾಲಯ ಅಸಿಂಧುವೆಂದು ಸಾರಿತು.

ಈ ಎರಡನೆಯ ತೀರ್ಪನ್ನು ನಾವು ನಿಧಾನವಾಗಿ ಓದಬೇಕು. ಮರುನೇಮಕಕ್ಕೆ ವಯೋಮಿತಿಯ ಅಡ್ಡಿಯಿಲ್ಲ, ಹೊಸ ಶೋಧನಾ ಸಮಿತಿಯ ಅಗತ್ಯವೂ ಇಲ್ಲ ಎಂದು ನ್ಯಾಯಾಲಯ ಒಪ್ಪಿತು. ವ್ಯಕ್ತಿಯ ಅರ್ಹತೆಯಲ್ಲಿ ದೋಷ ಕಾಣಲಿಲ್ಲ. ದೋಷವಿದ್ದುದು ತೀರ್ಮಾನ ಕೈಗೊಂಡ ರೀತಿಯಲ್ಲಿ. ಕಾಯಿದೆಯು ಕುಲಾಧಿಪತಿಗಳಿಗೆ ಒಪ್ಪಿಸಿದ ಅಧಿಕಾರವನ್ನು ಅವರು ಸ್ವಂತ ವಿವೇಚನೆಯಿಂದ ಚಲಾಯಿಸದೆ ಸರಕಾರದ ಇಚ್ಛೆಗೆ ಬಿಟ್ಟುಕೊಟ್ಟರು ಎಂಬುದೇ ರದ್ದತಿಗೆ ಕಾರಣವಾಯಿತು. ತನ್ನ ಅಧಿಕಾರವನ್ನು ತಾನೇ, ತನ್ನ ಬುದ್ಧಿಯಿಂದ ಚಲಾಯಿಸಬೇಕೆಂಬ ಈ ತತ್ತ್ವ ಕುಲಾಧಿಪತಿಗಳಿಗೆ ಮಾತ್ರ ಅನ್ವಯಿಸುವುದೇ? ಪಕ್ಷದ ಕಚೇರಿಯಲ್ಲಿಯೋ ರಾಜಭವನದಲ್ಲಿಯೋ ಆದ ತೀರ್ಮಾನಕ್ಕೆ ಸಭೆಯಲ್ಲಿ ಕೈಯೆತ್ತುವ ಸಿಂಡಿಕೇಟ್ ಸದಸ್ಯರಿಗೂ ಅದು ಅಷ್ಟೇ ಅನ್ವಯಿಸಬೇಕಲ್ಲವೇ?

ಹಾಗೆಂದು ಸಿಂಡಿಕೇಟ್ ತನ್ನದಲ್ಲದ ಅಧಿಕಾರವನ್ನು ಕೈಗೆತ್ತಿಕೊಂಡರೂ ಅನಾಹುತವೇ. ಕಣ್ಣೂರು ವಿಶ್ವವಿದ್ಯಾನಿಲಯದ ಅಧ್ಯಯನ ಮಂಡಳಿಗಳನ್ನು ಸಿಂಡಿಕೇಟ್ ಪುನಾರಚಿಸಿದಾಗ, ಸದಸ್ಯರನ್ನು ನಾಮಕರಣ ಮಾಡುವ ಅಧಿಕಾರ ಕುಲಾಧಿಪತಿಗಳದೆಂಬ ನೆಲೆಯಲ್ಲಿ ಕೇರಳದ ಉಚ್ಚ ನ್ಯಾಯಾಲಯ 2022ರಲ್ಲಿ ಆ ಕ್ರಮವನ್ನು ರದ್ದುಗೊಳಿಸಿತು. ಪತ್ರಿಕೆಗಳಲ್ಲಿ ಇದು ರಾಜ್ಯಪಾಲರ ಗೆಲುವು, ಸರಕಾರದ ಸೋಲು ಎಂದು ವರದಿಯಾಯಿತು. ಆದರೆ ಅಧ್ಯಯನ ಮಂಡಳಿಯೆಂದರೆ ಏನು? ಒಂದು ವಿಷಯದ ಪಠ್ಯಕ್ರಮವನ್ನು ರೂಪಿಸುವ, ಪಠ್ಯಪುಸ್ತಕಗಳನ್ನು ಸೂಚಿಸುವ ತಜ್ಞರ ಸಮಿತಿ ಅದು. ಮಲಯಾಳಕ್ಕೋ ಇಂಗ್ಲಿಷಿಗೋ ಮಂಡಳಿ ತಡವಾದರೆ ಎಚ್ಚರಿಸಲು ನೂರು ಮಂದಿ ಇದ್ದಾರೆ. ಕನ್ನಡದ ಮಂಡಳಿಗೆ ತಕ್ಕ ತಜ್ಞರು ಇಡೀ ವ್ಯಾಪ್ತಿಯಲ್ಲಿ ಎಷ್ಟು ಮಂದಿ ಇದ್ದಾರು? ಅದು ಖಾಲಿ ಉಳಿದರೆ ಗಮನಿಸುವವರು ಯಾರು? ದೊಡ್ಡವರ ಕಲಹದಲ್ಲಿ ಚಿಕ್ಕ ಭಾಷೆಯ ಮಂಡಳಿಯೇ ಮೊದಲು ಸೊರಗುತ್ತದೆ.

ತಿರುವನಂತಪುರದಲ್ಲಿರುವ ಕೇರಳ ವಿಶ್ವವಿದ್ಯಾನಿಲಯದ ಕಥೆ ಇನ್ನೂ ಬೋಧಪ್ರದ. ಕುಲಪತಿಯನ್ನು ಆರಿಸುವ ಶೋಧನಾ ಸಮಿತಿಗೆ ತನ್ನ ಪ್ರತಿನಿಧಿಯನ್ನು ಕಳುಹಿಸುವುದು ಸೆನೆಟ್ಟಿನ ಹಕ್ಕು. ಅದು ಹೊಣೆಯೂ ಹೌದು. ಜಗಳದ ಭರದಲ್ಲಿ ಸೆನೆಟ್ ಪ್ರತಿನಿಧಿಯನ್ನು ಕಳುಹಿಸಲಿಲ್ಲ. ಕುಲಾಧಿಪತಿಗಳು 2022ರ ಅಕ್ಟೋಬರಿನಲ್ಲಿ ಹದಿನೈದು ಸದಸ್ಯರನ್ನು ಸೆನೆಟ್ಟಿನಿಂದ ತೆಗೆದುಹಾಕಿದರು. 2023ರ ಮಾರ್ಚಿನಲ್ಲಿ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಸದಸ್ಯರು ಗೆದ್ದರು ಎನ್ನೋಣ. ವಿಶ್ವವಿದ್ಯಾನಿಲಯಕ್ಕೆ ದೊರೆತದ್ದೇನು? ಪೂರ್ಣಾವಧಿಯ ಕುಲಪತಿಯಿಲ್ಲದೆ, ಆರೋಗ್ಯ ವಿಶ್ವವಿದ್ಯಾನಿಲಯದ ಕುಲಪತಿಗಳ ಹೆಚ್ಚುವರಿ ಹೊಣೆಯಲ್ಲಿ ಅದು ವರ್ಷಗಳನ್ನು ಕಳೆಯಬೇಕಾಯಿತು. 2025ರ ಜುಲೈಯಲ್ಲಿ ಅಲ್ಲಿಯೇ ಕುಲಸಚಿವರನ್ನು ಕುಲಪತಿಗಳು ಅಮಾನತುಗೊಳಿಸಿದರು. ಸಿಂಡಿಕೇಟ್ ಆ ಅಮಾನತನ್ನು ಹಿಂಪಡೆಯಿತು. ಕುಲಪತಿಗಳು ಅದನ್ನೊಪ್ಪದೆ ಬೇರೊಬ್ಬರಿಗೆ ಪ್ರಭಾರ ವಹಿಸಿದರು. ಒಂದು ಕುರ್ಚಿಗೆ ಇಬ್ಬರು! ನಮ್ಮ ಶಾಲೆಯಲ್ಲಿ ಹಾಜರಿ ಪುಸ್ತಕಕ್ಕೆ ಇಬ್ಬರು ಮುಖ್ಯೋಪಾಧ್ಯಾಯರು ಸಹಿ ಹಾಕಹೊರಟರೆ ಮೂರನೆಯ ತರಗತಿಯ ಮಕ್ಕಳೂ ನಕ್ಕಾರು. 2025ರ ಆಗಸ್ಟಿನಲ್ಲಿ ತಾಂತ್ರಿಕ ಮತ್ತು ಡಿಜಿಟಲ್ ವಿಶ್ವವಿದ್ಯಾನಿಲಯಗಳ ಕುಲಪತಿಗಳನ್ನು ಆರಿಸಲು ಸರ್ವೋಚ್ಚ ನ್ಯಾಯಾಲಯವೇ ನಿವೃತ್ತ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಬೇಕಾಗಿ ಬಂತು.

ಕುಲಾಧಿಪತಿಗಳ ಪಕ್ಷವನ್ನಾಗಲೀ ಸರಕಾರದ ಪಕ್ಷವನ್ನಾಗಲೀ ವಹಿಸುವುದು ನನ್ನ ಉದ್ದೇಶವಲ್ಲ. ಇಬ್ಬರ ವಾದದಲ್ಲಿಯೂ ಹುರುಳಿದೆ. ಇಬ್ಬರ ನಡೆಯಲ್ಲಿಯೂ ಹಟವಿದೆ. ಇವರಿಬ್ಬರ ನಡುವೆ ಕುಳಿತಿರುವ ಆಡಳಿತ ಮಂಡಳಿ ವಿಶ್ವಸ್ಥ ಮಂಡಳಿಯೆಂಬ ಅರಿವು ಅದರ ಸದಸ್ಯರಿಗೆ ಇದೆಯೇ ಎಂಬುದಷ್ಟೇ ನನ್ನ ಪ್ರಶ್ನೆ. ದೇವಸ್ಥಾನದ ಮೊಕ್ತೇಸರರ ಮೇಲೆ ಮೊಕದ್ದಮೆಯಿದ್ದರೂ ದೀಪಕ್ಕೆ ಎಣ್ಣೆ ತಪ್ಪಬಾರದಷ್ಟೆ. ಹಾಗೆಯೇ, ಕುಲಪತಿ ಪೂರ್ಣಾವಧಿಯವರಿರಲಿ, ಪ್ರಭಾರಿಗಳಿರಲಿ, ಪರೀಕ್ಷಾ ವೇಳಾಪಟ್ಟಿ, ಫಲಿತಾಂಶ, ಅಂಕಪಟ್ಟಿ, ಅಧ್ಯಾಪಕರ ನೇಮಕ ಇವು ನಿಲ್ಲಬಾರದು. 2024ರ ಜುಲೈಯಲ್ಲಿ ಕೇರಳದಾದ್ಯಂತ ನಾಲ್ಕು ವರ್ಷಗಳ ಪದವಿ ಆರಂಭವಾದ ಮೇಲಂತೂ ಈ ಹೊಣೆ ಇಮ್ಮಡಿಯಾಗಿದೆ. ಹೊಸ ಪದ್ಧತಿಯಲ್ಲಿ ವಿದ್ಯಾರ್ಥಿಯ ಆಯ್ಕೆಯೇ ಪ್ರಧಾನ. ಆರಿಸುವವರ ಸಂಖ್ಯೆ ಕಡಿಮೆಯೆಂಬ ಒಂದೇ ಕಾರಣ ಕೊಟ್ಟು ಕನ್ನಡವನ್ನು ಕೈಬಿಡುವುದು ಕಾಗದದ ಮೇಲೆ ಬಲು ಸುಲಭ. ಸಂಖ್ಯೆ ಕಡಿಮೆಯಿರುವುದರಿಂದಲೇ ನಾವು ಅಲ್ಪಸಂಖ್ಯಾತರು. ಅದನ್ನೇ ಕಾರಣವಾಗಿ ನಮ್ಮ ಮುಂದೆ ಹಿಡಿಯುವುದು ನ್ಯಾಯವಲ್ಲ.

ಇದು ಕಾಲೇಜಿನ ಸಂಗತಿ, ನಮ್ಮ ಶಾಲೆಗಳಿಗೇನು ಎಂದು ಕೆಲವರು ಭಾವಿಸಬಹುದು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ನಾವು ಬೀದಿಗಿಳಿದು ಪ್ರತಿಭಟಿಸಿದ್ದೇವೆ. ಆ ಹುದ್ದೆಗಳಿಗೆ ಅರ್ಹರಾದ ಕನ್ನಡಿಗ ಅಭ್ಯರ್ಥಿಗಳು ಬರಬೇಕಾದದ್ದು ಎಲ್ಲಿಂದ? ಪದವಿ ಮತ್ತು ಬಿ.ಎಡ್. ತರಗತಿಗಳಿಂದ. ಅಲ್ಲಿ ಕನ್ನಡ ಬತ್ತಿದರೆ, ಹತ್ತು ವರ್ಷಗಳ ಬಳಿಕ "ಅರ್ಹ ಅಭ್ಯರ್ಥಿಗಳಿಲ್ಲ" ಎಂಬ ಇಲಾಖೆಯ ಉತ್ತರ ನಿಜವೇ ಆಗಿರುತ್ತದೆ. ಪ್ರತಿಭಟನೆಗೆ ಆಗ ಆಧಾರವೇ ಉಳಿಯದು.

ಗಡಿ ದಾಟಿ ಓದಿಸೋಣವೆಂದರೆ ಅಲ್ಲಿಯೂ ನಿಶ್ಚಿಂತೆಯಿಲ್ಲ. ಕರ್ನಾಟಕದಲ್ಲಿ ಹೊಸದಾಗಿ ಸ್ಥಾಪಿಸಿದ ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಪ್ರಸ್ತಾಪ 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿಯಿಂದ ಬಂತು. ನಮಗೆ ಸಮೀಪದ ಕೊಡಗು ವಿಶ್ವವಿದ್ಯಾನಿಲಯದ ಹೆಸರೂ ಅದರಲ್ಲಿತ್ತು. ಮಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವ ಮಕ್ಕಳ ಪ್ರಯಾಸವನ್ನು ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

2025ರ ಜನವರಿಯಲ್ಲಿ ಯು.ಜಿ.ಸಿ. ಪ್ರಕಟಿಸಿದ ಕರಡು ನಿಯಮಗಳಲ್ಲಿ ಕುಲಪತಿಯ ಶೋಧನಾ ಸಮಿತಿಗೆ ಮೂವರು ಸದಸ್ಯರು: ಕುಲಾಧಿಪತಿಗಳ ಪ್ರತಿನಿಧಿ, ಯು.ಜಿ.ಸಿ. ಅಧ್ಯಕ್ಷರ ಪ್ರತಿನಿಧಿ, ವಿಶ್ವವಿದ್ಯಾನಿಲಯದ ಪರಮೋಚ್ಚ ಮಂಡಳಿಯ ಪ್ರತಿನಿಧಿ. ರಾಜ್ಯ ಸರಕಾರಕ್ಕೆ ನೇರ ಸ್ಥಾನವಿಲ್ಲ. ಕೇರಳ ವಿಧಾನಸಭೆ ಅದೇ ತಿಂಗಳು ಸರ್ವಾನುಮತದಿಂದ ಇದನ್ನು ವಿರೋಧಿಸಿತು. ವಿಶ್ವವಿದ್ಯಾನಿಲಯಗಳಿಗೆ ಹಣ ಒದಗಿಸುವ ರಾಜ್ಯವನ್ನು ಹೊರಗಿಡುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯವೂ. ಆದರೆ ಗಮನಿಸಿ: ಆ ಮೂವರಲ್ಲಿ ವಿಶ್ವವಿದ್ಯಾನಿಲಯದ ಒಳಗಿನಿಂದ ಬರುವ ದನಿ ಆಡಳಿತ ಮಂಡಳಿ ಆರಿಸುವವರದು ಮಾತ್ರ. ತನ್ನ ಪ್ರತಿನಿಧಿಯನ್ನು ಕಳುಹಿಸದೆ ಸಭೆ ಮುರಿಯುವ ಮಂಡಳಿ ಅದನ್ನೂ ಕಳೆದುಕೊಳ್ಳುತ್ತದೆ.

ಮುಂದಿನ ಸಭೆಯಲ್ಲಿ ಆ ತಾಯಿಗೆ ಇಷ್ಟನ್ನೂ ತಿಳಿಸಿದೆ. "ತೊಂದರೆ ಆಗಲೇಬೇಕೆಂದಿಲ್ಲ, ಆದರೆ ನಾವು ಕೇಳದೆ ಕುಳಿತರೆ ಆಗಬಹುದು" ಎಂದೆ. ಅವರು ತುಸು ಯೋಚಿಸಿ, "ಹಾಗಾದರೆ ಕೇಳುವ, ಯಾರಿಗೆ ಬರೆಯಬೇಕು ಹೇಳಿ" ಎಂದರು. ಸಂಘದ ಪರವಾಗಿ ಸಿಂಡಿಕೇಟಿಗೆ ಒಂದು ಮನವಿ ಸಿದ್ಧವಾಗಿದೆ. ಕನ್ನಡ ಅಧ್ಯಯನ ಮಂಡಳಿಯಲ್ಲಿ ಈಗ ಯಾರಿದ್ದಾರೆ, ಅದು ಕೊನೆಯ ಬಾರಿ ಸೇರಿದ್ದು ಯಾವಾಗ, ಕಾಸರಗೋಡಿನ ಕಾಲೇಜುಗಳಲ್ಲಿ ಕನ್ನಡದ ಎಷ್ಟು ಅಧ್ಯಾಪಕ ಹುದ್ದೆಗಳು ತೆರವಾಗಿವೆ, ನಾಲ್ಕು ವರ್ಷಗಳ ಪದವಿಯಲ್ಲಿ ಕನ್ನಡ ಆರಿಸುವವರಿಗೆ ಕನಿಷ್ಠ ಸಂಖ್ಯೆಯ ಷರತ್ತಿದೆಯೇ ಎಂದು ಅದರಲ್ಲಿ ಕೇಳಿದ್ದೇವೆ. ಮನವಿ ಕನ್ನಡದಲ್ಲಿಯೇ ಇದೆ. ಮಲಯಾಳ ಅನುವಾದವನ್ನು ಜೊತೆಗೆ ಲಗತ್ತಿಸಿದ್ದೇವೆ. ಮೊದಲನೆಯ ಸಹಿ ಆ ತಾಯಿಯದು. ಬೇರೆ ಶಾಲೆಗಳ ಸಂಘಗಳಿಗೆ ಪ್ರತಿ ಬೇಕಿದ್ದಲ್ಲಿ ಕಳುಹಿಸಿಕೊಡುತ್ತೇವೆ.