ಕನ್ಸೋಲ್‌ಗೆ ಬಂದರೂ ಮೌಸ್ ಇರಲಿ

ಪಿಸಿಯಲ್ಲಿ ಹುಟ್ಟಿದ ವೇಗದ ಶೂಟಿಂಗ್ ಆಟವನ್ನು ಕನ್ಸೋಲ್‌ಗೆ ತರುವವರು ಚಿತ್ರದ ಅಂದಕ್ಕಿಂತ ಮೊದಲು ಆಟಗಾರನ ಕೈಯ ಬಗ್ಗೆ ಯೋಚಿಸಬೇಕು. 1999ರ ಡಿಸೆಂಬರಿನಲ್ಲಿ ಪಿಸಿಗೆ ಬಂದ ‘ಕ್ವೇಕ್ 3 ಅರೀನಾ’ ಮರುವರ್ಷ ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್‌ಗೂ ಬಂತು. ಆ ಯಂತ್ರದ ಕಂಟ್ರೋಲರ್‌ನಲ್ಲಿ ಇದ್ದದ್ದು ಒಂದೇ ಅನಲಾಗ್ ಸ್ಟಿಕ್. ಓಡುತ್ತ, ಜಿಗಿಯುತ್ತ, ಗಕ್ಕನೆ ಹಿಂದಕ್ಕೆ ತಿರುಗಿ ಗುರಿಯಿಡಬೇಕಾದ ಆಟಕ್ಕೆ ಅದು ಏನೇನೂ ಸಾಲದು. ಆದರೆ ಕೀಬೋರ್ಡ್, ಮೌಸ್ ಜೋಡಿಸಿಕೊಳ್ಳಲು ಅವಕಾಶವಿತ್ತು. ಮೋಡೆಮ್ ಮೂಲಕ ನಾಲ್ವರು ಆನ್‌ಲೈನ್‌ನಲ್ಲಿ ಸೆಣಸಬಹುದಿತ್ತು. ಮೂಲ ಆಟದ ಜೀವಾಳವನ್ನು ಉಳಿಸಿಕೊಂಡ ರೂಪ ಇದು. 2001ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ‘ಕ್ವೇಕ್ 3 ರೆವಲ್ಯೂಷನ್’ ಆನ್‌ಲೈನ್ ಸೆಣಸಾಟವನ್ನೇ ಕೈಬಿಟ್ಟಿತು. ಒಂದೇ ಟಿವಿಯ ಮುಂದೆ ಗೆಳೆಯರು ಸೇರಿ ಆಡುವ ಸುಖ ಅದರಲ್ಲಿತ್ತು, ನಿಜ; ಆದರೂ ಕಳೆದುಕೊಂಡದ್ದು ದೊಡ್ಡದು.

ಮೌಸ್ ಹಿಡಿದವನ ಎದುರು ಕಂಟ್ರೋಲರ್ ಹಿಡಿದವನು ಸೋಲುತ್ತಾನೆ, ಇದು ಅನ್ಯಾಯ ಎಂಬ ಆಕ್ಷೇಪವಿದೆ. ಇಂಥ ಆಟಗಳಲ್ಲಿ ಆ ಅಂತರ ಸುಳ್ಳಲ್ಲ. ಆದರೆ ಅದಕ್ಕೆ ಪರಿಹಾರ ಮೌಸ್ ನಿಷೇಧವಲ್ಲ, ಎದುರಾಳಿಗಳ ಸರಿಯಾದ ಜೋಡಣೆ. ‘ಫೋರ್ಟ್‌ನೈಟ್’ 2018ರಲ್ಲೇ ಕನ್ಸೋಲ್‌ನಲ್ಲಿ ಮೌಸ್ ಬಳಸುವವರನ್ನು ಪಿಸಿ ಆಟಗಾರರ ಗುಂಪಿಗೆ ಸೇರಿಸತೊಡಗಿತು. ಇದರಿಂದ ಆಟಗಾರರು ಹಂಚಿಹೋಗಿ ಎದುರಾಳಿ ಸಿಗಲು ತಡವಾಗಬಹುದು, ಸಣ್ಣ ಆಟಗಳಿಗೆ ಇದು ನಿಜವಾದ ಕಷ್ಟ. ಅಂಥಲ್ಲಿ ಒಟ್ಟಿಗೆ ಆಡುವುದೋ ಬೇಡವೋ ಎಂಬ ತೀರ್ಮಾನವನ್ನು ಆಟಗಾರನಿಗೇ ಬಿಡಲಿ.